ಪ್ರತಿಧ್ವನಿಯೂ ಅನುನಾದವೂ

ವಿಜಯಪುರದ ಪಶ್ಚಿಮಕ್ಕೆ ಕೆಲವೇ ಮೈಲಿಗಳ ದೂರದಲ್ಲಿ ತೊರವಿ ಇದೆ. ಅಲ್ಲಿಯ ನರಸಿಂಹನಿಗೆ ತನ್ನ ರಾಮಾಯಣವನ್ನು ಅರ್ಪಿಸಿದವನು ಕುಮಾರವಾಲ್ಮೀಕಿ. ಅದೇ ಊರಿನ ನೆಲದಲ್ಲಿ 1599ರಲ್ಲಿ ಇಮ್ಮಡಿ ಇಬ್ರಾಹಿಂ ಆದಿಲಶಾಹನು ನವರಸಪುರವನ್ನು ಕಟ್ಟಿಸತೊಡಗಿದನು. ಇಂಗ್ಲಿಷಿನ ‘ರೆಸೊನೆನ್ಸ್’ ಎಂಬ ಶಬ್ದವನ್ನು ಕುರಿತು ಯೋಚಿಸುವಾಗಲೆಲ್ಲ ನನಗೆ ಈ ಊರು ನೆನಪಾಗುತ್ತದೆ.

ಲ್ಯಾಟಿನ್ ಮೂಲದಲ್ಲಿ ಆ ಶಬ್ದಕ್ಕೆ ‘ಮರಳಿ ದನಿಗೊಡುವುದು’ ಎಂದಷ್ಟೇ ಅರ್ಥ. ವಿಜ್ಞಾನ ಅದನ್ನು ಖಚಿತಗೊಳಿಸಿತು. ಪ್ರತಿಯೊಂದು ವಸ್ತುವಿಗೂ ತನ್ನದೇ ಆದ ಸಹಜ ಕಂಪನವುಂಟು. ಹೊರಗಿನ ಕಂಪನ ಅದರೊಡನೆ ಹೊಂದಿದಾಗ ವಸ್ತು ತಾನಾಗಿಯೇ ಮಿಡಿಯುತ್ತದೆ. ಲಯವರಿತು ಹಗ್ಗವೆಳೆದರೆ ಒಬ್ಬನೇ ಭಾರಿ ಗಂಟೆಯನ್ನು ತೂಗಬಲ್ಲನೆಂದು 1638ರ ತನ್ನ ಗ್ರಂಥದಲ್ಲಿ ಗೆಲಿಲಿಯೋ ವಿವರಿಸಿದನು. ನಮ್ಮ ಭೌತಶಾಸ್ತ್ರ ಇದನ್ನು ಅನುನಾದವೆಂದು ಕರೆಯಿತು.

ಸಾಹಿತ್ಯದ ಮಾತಿಗೆ ಬಂದಾಗ ಈ ಖಚಿತತೆ ಸಡಿಲವಾಯಿತು. ‘ಈ ಕಾವ್ಯದಲ್ಲಿ ಯುಗದ ಪ್ರತಿಧ್ವನಿಯಿದೆ’ ಎಂದು ಅಧ್ಯಾಪಕನಾಗಿದ್ದಾಗ ನಾನೂ ಎಷ್ಟೋ ಸಲ ಹೇಳಿದ್ದೇನೆ. ನಾನು ಹೇಳಬೇಕಾಗಿದ್ದುದು ಅನುನಾದದ ಮಾತು.

ಪ್ರತಿಧ್ವನಿಯೆಂದರೇನೆಂದು ಗೋಲಗುಮ್ಮಟ ಕಲಿಸುತ್ತದೆ. ಅಲ್ಲಿ ಚಪ್ಪಾಳೆಗೂ ಕೆಮ್ಮಿಗೂ ಒಂದೇ ಮರ್ಯಾದೆ. ಕೊಟ್ಟದ್ದನ್ನು ಗೋಡೆ ಹಲವು ಬಾರಿ ಹಿಂದಿರುಗಿಸುತ್ತದೆ, ತನ್ನದನ್ನೇನೂ ಸೇರಿಸುವುದಿಲ್ಲ. ತಂಬೂರಿಯ ರೀತಿ ಬೇರೆ. ಒಂದು ತಂತಿಯನ್ನು ಮೀಟಿದರೆ, ಅದೇ ಶ್ರುತಿಗೆ ಕೂಡಿದ ಪಕ್ಕದ ತಂತಿ ಮುಟ್ಟದೆಯೇ ನಡುಗುತ್ತದೆ. ಶ್ರುತಿ ತಪ್ಪಿದ್ದರೆ ಸುಮ್ಮನಿರುತ್ತದೆ.

ಮೋತಿಖಾನ್ ಎಂದು ಹೆಸರಿಟ್ಟ ತಂಬೂರಿಯನ್ನು ಪ್ರೀತಿಸಿದ ಇಬ್ರಾಹಿಮನು ‘ಕಿತಾಬ್-ಎ-ನವರಸ್’ನ ಹಾಡುಗಳಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿದನು. ಅದು ಕೇಳಿದ್ದನ್ನು ಒಪ್ಪಿಸಿದ ಪ್ರತಿಧ್ವನಿಯಲ್ಲ. ಅವನದೇ ತಂತಿಯೊಂದು ಮಿಡಿದದ್ದು. ಕುಮಾರವಾಲ್ಮೀಕಿಯೂ ಹಾಗೆಯೇ. ಆದಿಕವಿಯ ಹೆಸರನ್ನೇ ತಳೆದರೂ ಅವನು ನುಡಿದದ್ದು ಕನ್ನಡದ ಭಾಮಿನಿಯಲ್ಲಿ. ಇಬ್ಬರಲ್ಲಿ ಒಬ್ಬರನ್ನು ಮಾತ್ರ ತೊರವಿಯವರೆನ್ನುವುದು ಶ್ರುತಿಯನ್ನು ಅರ್ಧದಲ್ಲಿಯೇ ಬಿಟ್ಟಂತೆ.

ನಮ್ಮ ಮೀಮಾಂಸಕರಿಗೆ ಈ ಮರ್ಮ ಹೊಸದಾಗಿರಲಿಲ್ಲ. ಒಂಬತ್ತನೆಯ ಶತಮಾನದಲ್ಲಿ ಆನಂದವರ್ಧನನು ವ್ಯಂಗ್ಯಾರ್ಥದ ಒಂದು ಬಗೆಯನ್ನು ಗಂಟೆಯ ಅನುರಣನಕ್ಕೆ ಹೋಲಿಸಿದನು. ಅದೇ ಶತಮಾನದ ‘ಕವಿರಾಜಮಾರ್ಗ’ದಲ್ಲಿಯೂ ಧ್ವನಿಯ ಉಲ್ಲೇಖವಿದೆ. ಗಂಟೆಯ ಗುಂಗನ್ನು ಗ್ರಹಿಸಬಲ್ಲವನನ್ನು ಅವರು ಸಹೃದಯನೆಂದರು. ಸಮಾನ ಹೃದಯವೆಂದರೂ ಸಮಾನ ಕಂಪನವೆಂದರೂ ಹೇಳುವುದು ಒಂದನ್ನೇ. ಇಂಗ್ಲಿಷಿನ ಶಬ್ದ ವಿಜ್ಞಾನದಿಂದ ಕಾವ್ಯಕ್ಕೆ ಬಂದ ದಾರಿಯಲ್ಲಿ ನಮ್ಮವರು ಬಹು ಹಿಂದೆಯೇ ಸಂಗೀತದಿಂದ ಕಾವ್ಯಕ್ಕೆ ಬಂದಿದ್ದರು.

1624ರಲ್ಲಿ ಮಲಿಕ್ ಅಂಬರನ ಸೈನ್ಯ ನವರಸಪುರವನ್ನು ಸೂರೆಮಾಡಿತು. ಇಂದು ಅಲ್ಲಿಯ ಸಂಗೀತ ಮಹಲಿನಲ್ಲಿ ಉಳಿದಿರುವುದು ಭಗ್ನವಾದ ಕಮಾನುಗಳು. ಗೋಲಗುಮ್ಮಟದಲ್ಲಿ ಕೂಗಿ, ತಮ್ಮ ದನಿಯನ್ನೇ ಕೇಳಿ ಹಿಗ್ಗಿ ಮರಳುವವರು ಬಹಳ. ತೊರವಿಯ ಮೌನ ಯಾರ ಕೂಗನ್ನೂ ಹಿಂದಿರುಗಿಸುವುದಿಲ್ಲ. ಅಲ್ಲಿಗೆ ಹೋಗುವವರು ತಮ್ಮ ತಂತಿಯನ್ನು ತಾವೇ ಶ್ರುತಿಗೂಡಿಸಿಕೊಂಡು ಹೋಗಬೇಕು.