ಕಾಳಿಗೆ ಎಲೆ ಹಾಕಿದರು, ಅಕ್ಕನಿಗೆ?

ನ್ಯೂಯಾರ್ಕಿಗೆ ಹೋದರೆ ಒಮ್ಮೆ ಬ್ರೂಕ್ಲಿನ್ ಮ್ಯೂಸಿಯಂ ನೋಡಿ ಬನ್ನಿ. ಅಲ್ಲಿ ತ್ರಿಕೋನದ ಆಕಾರದ ದೊಡ್ಡ ಊಟದ ಮೇಜಿದೆ. ಬದಿಗೆ 13ರಂತೆ ಒಟ್ಟು 39 ಹೆಂಗಸರಿಗೆ ತಟ್ಟೆ ಇಟ್ಟಿದ್ದಾರೆ. ನೆಲದ ಮೇಲೆ ಇನ್ನೂ 999 ಹೆಸರುಗಳು. ಅಮೆರಿಕದ ಕಲಾವಿದೆ ಜೂಡಿ ಶಿಕಾಗೊ ನೂರಾರು ಸ್ವಯಂಸೇವಕರ ಜೊತೆ ಸೇರಿ 1974ರಿಂದ 1979ರವರೆಗೆ ಮಾಡಿದ ಕೃತಿ ಇದು. ಹೆಸರು ‘ದಿ ಡಿನ್ನರ್ ಪಾರ್ಟಿ’. ಇತಿಹಾಸ ಮರೆತ ಹೆಂಗಸರನ್ನು ಕರೆದು ಕೂರಿಸುವುದು ಅವರ ಉದ್ದೇಶ. ‘ಹೆಂಗಸರ ಕೆಲಸ’ ಅಂತ ಬದಿಗಿಟ್ಟಿದ್ದ ಕಸೂತಿ, ಪಿಂಗಾಣಿ ಚಿತ್ರಗಳನ್ನೇ ಮ್ಯೂಸಿಯಂಗೆ ತಂದರು. ಸಣ್ಣ ಸಾಧನೆ ಅಲ್ಲ.

ಆದರೆ ನಮ್ಮ ಕಡೆಯ ಊಟದ ಪಂಕ್ತಿ ಕಂಡವರಿಗೆ ಪಂಕ್ತಿಭೇದವೂ ಗೊತ್ತು. ಯಾರಿಗೆ ಎಲೆ ಹಾಕಿದರು, ಏನು ಬಡಿಸಿದರು ಅಂತಾನೂ ನೋಡಬೇಕಲ್ವಾ?

ಆ ಮೇಜಿನಲ್ಲಿ ಆಫ್ರಿಕನ್ ಅಮೆರಿಕನ್ ಹೆಂಗಸು ಒಬ್ಬರೇ, ಸೋಜರ್ನರ್ ಟ್ರೂತ್. ಗುಲಾಮಗಿರಿಯಲ್ಲಿ ಹುಟ್ಟಿ, ದೂರಕ್ಕೆ ಮಾರಿದ್ದ ಮಗನನ್ನು 1828ರಲ್ಲಿ ಕೋರ್ಟಿನ ಮೂಲಕ ಬಿಡಿಸಿಕೊಂಡ ತಾಯಿ. ಬಹುತೇಕ ತಟ್ಟೆಗಳಲ್ಲಿ ಶಿಕಾಗೊ ಯೋನಿಯನ್ನು ಹೂವಿನಂತೆ, ಚಿಟ್ಟೆಯಂತೆ ಅರಳಿಸಿದ್ದಾರೆ. ಈ ತಾಯಿಯ ತಟ್ಟೆಯಲ್ಲಿ ಮಾತ್ರ ಆಫ್ರಿಕದ ಮುಖವಾಡ ನೆನಪಿಸುವ ಮೂರು ಮುಖಗಳು. ಕಪ್ಪು ಹೆಂಗಸಿಗೂ ಹೆಣ್ಣಿನ ದೇಹವಿದೆ ಅನ್ನೋದು ಬಿಳಿ ಸ್ತ್ರೀವಾದಿಗಳಿಗೆ ಹೊಳೆಯಲಿಲ್ಲವೇ ಎಂಬ ಪ್ರಶ್ನೆಯನ್ನು ಲೇಖಕಿ ಆಲಿಸ್ ವಾಕರ್ 1979ರಲ್ಲೇ ಎತ್ತಿದರು.

ಭಾರತದಿಂದ ಯಾರಿದ್ದಾರೆ? ಕಾಳಿ, ಪ್ರಾಚೀನ ದೇವತೆಗಳ ಸಾಲಿನಲ್ಲಿ. ಇವತ್ತೂ ಪೂಜೆ ನಡೆಯುವ ದೇವಿಯನ್ನು ಮುಗಿದುಹೋದ ಕಾಲದಲ್ಲಿ ಕೂರಿಸಿದ್ದಾರೆ. ಮುಂದೆ ಭಾರತದವರು ಯಾರೂ ಇಲ್ಲ. 12ನೇ ಶತಮಾನದ ಜರ್ಮನಿಯ ಹಿಲ್ಡೆಗಾರ್ಡ್‌ಗೆ ತಟ್ಟೆ ಇದೆ; ಅದೇ ಶತಮಾನದ ನಮ್ಮ ಅಕ್ಕಮಹಾದೇವಿಗಿಲ್ಲ.

ಕಾಳಿ ನಮ್ಮವಳು, ಮುಟ್ಟಬೇಡಿ ಅಂತ ನಾನು ಹೇಳೋದಿಲ್ಲ. ಕೊಡು-ಕೊಳ್ಳುವಿಕೆ ಇಲ್ಲದೆ ಯಾವ ಕಲೆಯೂ ಬೆಳೆದಿಲ್ಲ. ಆದರೆ ಒಂದು ಜನರ ದೇವರು, ಮುಖವಾಡ ಬೇಕು, ಅವರ ನಡುವೆ ಬದುಕಿ ಬರೆದ ಹೆಣ್ಣು ಲೆಕ್ಕಕ್ಕಿಲ್ಲ ಅಂದರೆ ಅಲ್ಲಿ ತಪ್ಪಿದೆ.

ಈ ಪ್ರಶ್ನೆ ನಮಗೂ ಬರುತ್ತೆ. ಪರದೇಶದ ರಾಜ್ಯೋತ್ಸವಗಳಲ್ಲಿ ನಮ್ಮ ಮಕ್ಕಳಿಗೆ ಲಂಬಾಣಿ ಉಡುಪು ಹಾಕಿ ಕುಣಿಸ್ತೇವೆ, ಚಪ್ಪಾಳೆ ತಟ್ಟುತ್ತೇವೆ. ಸಂಡೂರಿನಲ್ಲಿ ಕೂತು ಅಂಥ ಕಸೂತಿ ಹಾಕುವ ಹೆಂಗಸರಲ್ಲಿ ಒಬ್ಬರ ಹೆಸರಾದರೂ ನಿಮಗೆ ಗೊತ್ತಾ? ನನಗೂ ಗೊತ್ತಿಲ್ಲ. ಈ ನವೆಂಬರಿನೊಳಗೆ ತಿಳ್ಕೊಳ್ಳೋಣ.