ಹಗ್ಗ ಹರಿಯುವ ಮುಂಚೆ: ಮಲಿಕ್-ಎ-ಮೈದಾನದಿಂದ ಬಾವಿ ಕ್ರೇನಿನವರೆಗೆ

ವಿಜಯಪುರದಿಂದ ಅಥಣಿ ರಸ್ತೆ ಹಿಡಿದು, ತೊರವಿ ದಾಟಿ ತಿಕೋಟಾ ಕಡೆ ಹೊರಟರೆ ಎರಡು ಥರದ ಕ್ರೇನು ಕಣ್ಣಿಗೆ ಬೀಳುತ್ತವೆ. ಒಂದು, ಬಾಡಿಗೆಗೆ ಕಾಯುತ್ತ ರಸ್ತೆ ಬದಿ ನಿಂತ ಹಳದಿ ಬಣ್ಣದ ಹೈಡ್ರಾ. ಇನ್ನೊಂದು, ದ್ರಾಕ್ಷಿ ತೋಟದ ನಡುವೆ ಹೊಸ ಬಾವಿಯ ದಂಡೆಯ ಮೇಲೆ ನಿಂತದ್ದು. ಅದಕ್ಕೆ ಒಂದು ಡೀಸೆಲ್ ಎಂಜಿನ್ನು, ಕಬ್ಬಿಣದ ಕಂಬ, ತಂತಿ ಹಗ್ಗ, ಕಲ್ಲು ತುಂಬುವ ಬಕೆಟ್ಟು. ಕೆಲಸ ಮುಗಿದರೆ ಟ್ರ್ಯಾಕ್ಟರಿಗೆ ಕಟ್ಟಿ ಮುಂದಿನ ಊರಿಗೆ ಎಳೆದೊಯ್ಯುತ್ತಾರೆ. ಮರಾಠಿ ಮಂದಿ ಇದಕ್ಕೆ 'ಯಾರಿ' ಅನ್ನುತ್ತಾರೆ.

ಇಂಥ ಒಂದು ಬಾವಿಯ ದಂಡೆಯಲ್ಲಿ ನಾವು ಕ್ರೇನ್ ನಡೆಸುವ ಅಣ್ಣನನ್ನು ಕೇಳಿದೆವು: "ಹಗ್ಗ ಎಷ್ಟು ದಿನಕ್ಕೊಮ್ಮೆ ಬದಲಿ ಮಾಡ್ತೀರಿ?"

"ಹರದ್ರ ಹೊಸಾದು ಹಾಕ್ತೀವ್ರಿ. ಅಲ್ಲೀತನ ನಡೀತೈತಿ" ಅಂದ.

ಕೆಳಗೆ ಮೂವರು ಬಕೆಟ್ಟಿಗೆ ಕಲ್ಲು ತುಂಬುತ್ತಿದ್ದರು. ಹಗ್ಗ ಹರಿದರೆ ಮೇಲಿದ್ದವನು ಬದಿಗೆ ಸರಿಯಬಹುದು. ಬಾವಿಯೊಳಗಿನವರಿಗೆ ಓಡಲು ಜಾಗವಿಲ್ಲ.

ಆ ಅಣ್ಣನ ಮಾತು ನಮ್ಮನ್ನು ಬಿಡಲಿಲ್ಲ. ಹಗ್ಗವನ್ನು ಹರಿಯುವ ಮುಂಚೆಯೇ ನೋಡಬೇಕು ಎಂಬುದನ್ನು ಮನುಷ್ಯ ಯಾವಾಗ ಕಲಿತ? ಅದು ಕಾನೂನು ಆದದ್ದು ಯಾವಾಗ? ಆ ಕಾನೂನು ಈ ಬಾವಿಯ ದಂಡೆಗೆ ಯಾಕೆ ಬರಲಿಲ್ಲ? ಇದನ್ನೆಲ್ಲ ಹುಡುಕುತ್ತ ಹೋದಾಗ ಸಿಕ್ಕ ಕತೆ ಇದು.

55 ಟನ್ನಿನ ತೋಪು

ಕತೆ ವಿಜಯಪುರದ ಪಶ್ಚಿಮದ ಕೋಟೆ ಗೋಡೆಯಿಂದಲೇ ಶುರು ಮಾಡಬಹುದು. ಅಲ್ಲಿ ಶೇರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ ತೋಪು ಕೂತಿದೆ. 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದದ್ದು. ತೂಕ ಸುಮಾರು 55 ಟನ್. ಪರಾಂಡಾ ಕೋಟೆಯಿಂದ ಅದನ್ನು ವಿಜಯಪುರಕ್ಕೆ ತಂದದ್ದು 1632ರಲ್ಲಿ. 10 ಆನೆ, 400 ಎತ್ತು, ನೂರಾರು ಆಳು ಹಚ್ಚಿ ಎಳೆದು ತಂದರು ಎಂದು ಹೇಳುತ್ತಾರೆ.

ಆಗ ಎಂಜಿನ್ ಇಲ್ಲ, ಹೈಡ್ರಾಲಿಕ್ ಇಲ್ಲ. ಇದ್ದದ್ದು ಹಗ್ಗ, ಸರಪಳಿ, ಮರದ ದಿಮ್ಮಿ, ಇಳಿಜಾರು ಮಣ್ಣು, ದನ ಮತ್ತು ಜನ. ಎಳೆಯುವಾಗ ಒಂದು ಹಗ್ಗ ಹರಿದರೆ ಏನಾಗುತ್ತಿತ್ತು ಎಂದು ಊಹಿಸಲು ಎಂಜಿನಿಯರ್ ಆಗಬೇಕಿಲ್ಲ. ತೋಪು ಎರಕ ಹೊಯ್ಸಿದವರ ಹೆಸರು ಅದರ ಮೇಲೆಯೇ ಕೆತ್ತಿದೆ. ಹಗ್ಗ ಹಿಡಿದವರ ಹೆಸರು ಎಲ್ಲೂ ಇಲ್ಲ.

1854ರಲ್ಲಿ ಬ್ರಿಟಿಷರ ಕಾಲದಲ್ಲಿ ಈ ತೋಪನ್ನು ಹರಾಜಿಗಿಟ್ಟಾಗ ಬಂದ ಅತಿ ದೊಡ್ಡ ಬೇಡಿಕೆ 150 ರೂಪಾಯಿ. ಇಂಗ್ಲೆಂಡಿಗೆ ಒಯ್ಯುವ ಯೋಚನೆ ಇತ್ತು, ಸಾಗಿಸಲಾಗದೆ ಬಿಟ್ಟರು ಎಂಬ ಮಾತೂ ಇದೆ. ಇವತ್ತಿನ ಕ್ರೇನು ಅವತ್ತು ಇದ್ದಿದ್ದರೆ ತೋಪು ನಮ್ಮಲ್ಲಿ ಉಳಿಯುತ್ತಿತ್ತೋ ಇಲ್ಲವೋ!

ನುಲಿಯ ಚಂದಯ್ಯನ ನಾಡು

ಹಗ್ಗದ ಬೆಲೆ ನಮ್ಮ ಜಿಲ್ಲೆಗೆ ಹೊಸದಲ್ಲ. 12ನೇ ಶತಮಾನದ ಶರಣ ನುಲಿಯ ಚಂದಯ್ಯ ಶಿವಣಗಿಯವರು. ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ, ಆ ಹಣದಲ್ಲಿ ದಾಸೋಹ ನಡೆಸಿದವರು. 'ನುಲಿ' ಅಂದರೆ ಹೊಸೆಯುವುದು. ಕಾಯಕವೇ ಅವರ ಹೆಸರಾಯಿತು.

ಪಂಪ್‌ಸೆಟ್ ಬರುವ ಮುಂಚೆ ನಮ್ಮ ಹೊಲಗಳಲ್ಲಿ ಕಪಲಿ ಬಾವಿ ಇದ್ದವು. ತೊಗಲಿನ ಚೀಲ, ಮೇಲೊಂದು ಗಾಲಿ, ಎತ್ತು ಎಳೆಯುವ ಮಿಣಿ. ಬೆಳಗ್ಗೆ ಎತ್ತು ಹೂಡುವ ಮುಂಚೆ ಮಿಣಿಯನ್ನು ಕೈಯಲ್ಲಿ ಹಿಡಿದು ನೋಡುವುದು ಹಿರಿಯರ ರೂಢಿ. ಭಾರ ಹೊತ್ತು ಎತ್ತು ಇಳಿಜಾರಿನಲ್ಲಿ ಇಳಿಯುವಾಗ ಮಿಣಿ ಹರಿದರೆ ಎತ್ತೂ ಮುಗ್ಗರಿಸುತ್ತದೆ, ಹಿಂದಿನವನೂ ಬೀಳುತ್ತಾನೆ. ಇನ್ನು ಕಾರ ಹುಣ್ಣಿಮೆ ಬಂದರೆ ಎತ್ತಿಗೆ ಹೊಸ ಹಗ್ಗ, ಹೊಸ ಮೂಗುದಾರ. ಹಳೆಯದು ಇನ್ನೂ ಗಟ್ಟಿ ಇದ್ದರೂ ವರ್ಷಕ್ಕೊಮ್ಮೆ ಬದಲಿ.

ದಿನಕ್ಕೊಮ್ಮೆ ಕೈಯಿಂದ ನೋಡುವುದು, ವರ್ಷಕ್ಕೊಮ್ಮೆ ಪೂರ್ತಿ ನೋಡುವುದು. ಇವತ್ತು ಕ್ರೇನಿನ ಕಾನೂನು ಹೇಳುವುದೂ ಹೆಚ್ಚುಕಡಿಮೆ ಇದನ್ನೇ.

ಸರಪಳಿ ಹೇಳದೆ ಹರಿಯುತ್ತದೆ

ತಂತಿ ಹಗ್ಗ ಹುಟ್ಟಿದ್ದು ಜರ್ಮನಿಯ ಹಾರ್ಜ್ ಬೆಟ್ಟದ ಗಣಿಗಳಲ್ಲಿ. ಅಲ್ಲಿ ಆಗ ಕಬ್ಬಿಣದ ಸರಪಳಿಯಿಂದ ಅದಿರು ಎತ್ತುತ್ತಿದ್ದರು. ಸರಪಳಿಯ ಒಂದು ಕೊಂಡಿ ದಣಿದರೆ ಮುಗಿಯಿತು. ಮೇಲಿಂದ ನೋಡಿದರೆ ಚೆನ್ನಾಗಿಯೇ ಕಾಣುತ್ತದೆ, ಒಮ್ಮೆಲೇ ತುಂಡಾಗುತ್ತದೆ. ವಿಲ್‌ಹೆಲ್ಮ್ ಆಲ್ಬರ್ಟ್ ಎಂಬ ಗಣಿ ಅಧಿಕಾರಿ ಸರಪಳಿಗಳ ಮೇಲೆ ಮತ್ತೆ ಮತ್ತೆ ಭಾರ ಹಾಕಿ ಇದನ್ನು ಪರೀಕ್ಷೆ ಮಾಡಿದ. 1834ರಲ್ಲಿ ನಾಲ್ಕು ತಂತಿಯ ಮೂರು ಎಳೆ ಹೊಸೆದು ತಂತಿ ಹಗ್ಗ ಮಾಡಿದ.

ತಂತಿ ಹಗ್ಗದ ದೊಡ್ಡ ಗುಣ ಬರೀ ಗಟ್ಟಿತನವಲ್ಲ. ಅದು ಮುಂಚೆಯೇ ಹೇಳುತ್ತದೆ. ಒಂದು ತಂತಿ ಹರಿದರೂ ಉಳಿದವು ಭಾರ ಹೊರುತ್ತವೆ. ಹರಿದ ತಂತಿ ಮುಳ್ಳಿನ ಹಾಗೆ ಹೊರಗೆ ಚಾಚಿ ಕಾಣುತ್ತದೆ. ನೋಡುವವರು ಇದ್ದರೆ ಸಾಕು.

ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ಕಾರ್ಮಿಕರು ಇಂಥ ಹಗ್ಗವನ್ನೇ ನಂಬಿ ನೆಲದಾಳಕ್ಕೆ ಇಳಿದರು. ಚಾಂಪಿಯನ್ ರೀಫ್ ಗಣಿಯ ಆಳ 3 ಕಿಲೋಮೀಟರಿಗಿಂತ ಹೆಚ್ಚು. ಹೀಗೆ ಮನುಷ್ಯರ ಜೀವ ಹಗ್ಗಕ್ಕೆ ಜೋತು ಬೀಳುವ ಕಡೆಯೆಲ್ಲ, ಹಗ್ಗವನ್ನು ದಿನವೂ ನೋಡಿ ಪುಸ್ತಕದಲ್ಲಿ ಬರೆದಿಡುವ ನಿಯಮ ಗಣಿ ಕಾನೂನಿನಲ್ಲಿ ಸೇರಿತು.

ಬಂದರಿನಿಂದ ಕಾರ್ಖಾನೆಗೆ, ಕಾರ್ಖಾನೆಯಿಂದ ರಸ್ತೆಗೆ

ಗಣಿಯ ನಂತರ ಬಂದರಿನ ಸರದಿ. ಹಡಗಿಗೆ ಸರಕು ಏರಿಸಿ ಇಳಿಸುವಾಗ ಸಾಯುತ್ತಿದ್ದವರ ಸಲುವಾಗಿ ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1929ರಲ್ಲಿ ಒಂದು ಒಪ್ಪಂದ ಮಾಡಿ, 1932ರಲ್ಲಿ ತಿದ್ದಿತು. ಎತ್ತುವ ಯಂತ್ರ, ಸರಪಳಿ, ಕೊಕ್ಕೆಗಳನ್ನು ಪರೀಕ್ಷಿಸದೆ ಬಳಸಬಾರದು ಎಂಬುದು ಅದರ ಮುಖ್ಯ ಮಾತುಗಳಲ್ಲಿ ಒಂದು. ಅದರಂತೆ ಭಾರತದಲ್ಲಿ 1934ರಲ್ಲಿ ಬಂದರು ಕಾರ್ಮಿಕರ ಕಾಯ್ದೆ ಆಯಿತು.

ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಕಾರ್ಖಾನೆ ಕಾಯ್ದೆ ಬಂತು. ಅದರ 29ನೇ ಕಲಮು ಎತ್ತುವ ಯಂತ್ರಗಳದ್ದೇ. 12 ತಿಂಗಳಿಗೊಮ್ಮೆಯಾದರೂ ಸರ್ಕಾರ ಒಪ್ಪಿದ ಸಮರ್ಥ ವ್ಯಕ್ತಿಯಿಂದ ಪೂರ್ತಿ ತಪಾಸಣೆ ಆಗಬೇಕಿತ್ತು. ಎಷ್ಟು ಭಾರ ಎತ್ತಬಹುದು ಎಂಬುದನ್ನು ಯಂತ್ರದ ಮೇಲೆ ಕಾಣುವ ಹಾಗೆ ಬರೆಯಬೇಕಿತ್ತು. ಅದನ್ನು ಮೀರಿ ಎತ್ತುವಂತಿರಲಿಲ್ಲ.

ಕಟ್ಟಡ ಕಾರ್ಮಿಕರಿಗೆ ಇಂಥ ರಕ್ಷಣೆ ಸಿಗಲು ಇನ್ನೂ ಸುಮಾರು 50 ವರ್ಷ ಕಾಯಬೇಕಾಯಿತು. ಅವರ ಕಾಯ್ದೆ 1996ರದ್ದು, ಕೇಂದ್ರದ ನಿಯಮ 1998ರದ್ದು. ಅದರಲ್ಲಿ ಕ್ರೇನಿಗೆ ಭಾರದ ಪರೀಕ್ಷೆಯೂ ಇದೆ. 20 ಟನ್‌ವರೆಗಿನ ಕ್ರೇನಿಗೆ ಅದರ ಮಿತಿಗಿಂತ ಕಾಲು ಭಾಗ ಹೆಚ್ಚು ಭಾರ ಹಾಕಿ ನೋಡಬೇಕು. ಅಂದರೆ 12 ಟನ್ನಿನ ಕ್ರೇನು ಪರೀಕ್ಷೆಯಲ್ಲಿ 15 ಟನ್ ತಡೆಯಬೇಕು. 2020ರಲ್ಲಿ ಸಂಸತ್ತು ಇಂಥ 13 ಹಳೆಯ ಕಾಯ್ದೆಗಳನ್ನು ಕೂಡಿಸಿ ಒಂದೇ ಸಂಹಿತೆ ಮಾಡಿತು.

ಹೈಡ್ರಾ ಮತ್ತು ಏತ

ಈ ಕಾನೂನುಗಳ ಬೇರು ಇರುವುದು ಒಂದೇ ಕಡೆ ನಿಂತ ಕ್ರೇನುಗಳಲ್ಲಿ. ಚಕ್ರದ ಮೇಲೆ ಓಡಾಡುವ ಕ್ರೇನು ಬಂದ ಮೇಲೆ ಅಪಾಯವೂ ಜತೆಗೇ ಓಡಾಡತೊಡಗಿತು. 'ಹೈಡ್ರಾ' ಮೂಲದಲ್ಲಿ ಎಸ್ಕಾರ್ಟ್ಸ್ ಕಂಪನಿಯ ಕ್ರೇನಿನ ಹೆಸರು. ಈಗ ಯಾವ ಕಂಪನಿಯದಿದ್ದರೂ ನಾವು ಹೈಡ್ರಾ ಅಂತಲೇ ಕರೆಯುತ್ತೇವೆ. ಟ್ರಾನ್ಸ್‌ಫಾರ್ಮರ್ ಇಳಿಸಲು, ಪೈಪು ಜೋಡಿಸಲು, ಪಲ್ಟಿಯಾದ ಕಬ್ಬಿನ ಟ್ರ್ಯಾಲಿ ಎತ್ತಲು ಅದೇ ಬೇಕು.

ಅದರ ಮೈಮೇಲೆ 12 ಟನ್ ಎಂದು ಬರೆದಿದ್ದರೆ ಹಲವರು ಯಾವಾಗಲೂ 12 ಟನ್ ಎತ್ತುತ್ತದೆ ಎಂದು ತಿಳಿಯುತ್ತಾರೆ. ಅದು ತಪ್ಪು. ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಯ ಹೆಸರಿನಲ್ಲಿ ಇನ್ನೂ ಉಳಿದಿರುವ ಹಳೆಯ ಏತವನ್ನು ನೆನೆಸಿಕೊಳ್ಳಿ. ಉದ್ದ ಮರದ ತುದಿಗೆ ತೂಗಿದ ಸಣ್ಣ ಭಾರ, ಬುಡದ ಹತ್ತಿರದ ದೊಡ್ಡ ಭಾರವನ್ನು ಎತ್ತಿಬಿಡುತ್ತದೆ. ಕ್ರೇನಿನಲ್ಲೂ ಹಾಗೇ. ತೋಳು ಒಳಗೆಳೆದು, ಭಾರ ಹತ್ತಿರ ಇದ್ದಾಗ ಮಾತ್ರ 12 ಟನ್. ತೋಳು ಚಾಚಿದಷ್ಟೂ ಆ ಅಂಕಿ ಇಳಿಯುತ್ತ ಹೋಗುತ್ತದೆ. ಎಷ್ಟು ಚಾಚಿದರೆ ಎಷ್ಟು ಎತ್ತಬಹುದು ಎಂಬ ಪಟ್ಟಿ ಚಾಲಕನ ಕ್ಯಾಬಿನ್ನಿನಲ್ಲಿ ಇರಲೇಬೇಕು. ಆ ಪಟ್ಟಿ ಮೀರಿದರೆ ಹಗ್ಗ ಹರಿಯುವ ಮುಂಚೆಯೇ ಕ್ರೇನು ಮಗುಚಬಹುದು. ಕಪ್ಪು ಮಣ್ಣಿನ ನಮ್ಮ ಹೊಲಗಳಲ್ಲಿ, ಮಳೆಯಾದ ಮರುದಿನ, ಇದು ಇನ್ನೂ ಬೇಗ ಆಗುತ್ತದೆ.

ಇನ್ನೊಂದು ಮಾತು. ಆರ್‌ಟಿಓ ಕೊಡುವ ಎಫ್‌ಸಿ, ವಾಹನ ರಸ್ತೆ ಮೇಲೆ ಓಡಲು ಯೋಗ್ಯ ಎಂಬುದಕ್ಕೆ. ಭಾರ ಎತ್ತಲು ಯೋಗ್ಯ ಎಂಬುದಕ್ಕೆ ಬೇರೆಯೇ ಪ್ರಮಾಣಪತ್ರ ಬೇಕು. ಕ್ರೇನು ಬಾಡಿಗೆಗೆ ಕರೆಯುವವರು ಎರಡನ್ನೂ ಕೇಳಬೇಕು.

ದೊಡ್ಡ ಕಂಪನಿಗಳಲ್ಲೂ ಅನಾಹುತ ನಿಂತಿಲ್ಲ. 2020ರ ಆಗಸ್ಟ್ 1ರಂದು ವಿಶಾಖಪಟ್ಟಣದ ಹಡಗುಕಟ್ಟೆಯಲ್ಲಿ ಕ್ರೇನು ಬಿದ್ದು 11 ಮಂದಿ ಸತ್ತರು. ಸರಿಯಾಗಿ ಮೂರು ವರ್ಷಕ್ಕೆ, 2023ರ ಆಗಸ್ಟ್ 1ರ ನಸುಕಿನಲ್ಲಿ, ಮಹಾರಾಷ್ಟ್ರದ ಠಾಣೆ ಜಿಲ್ಲೆಯ ಶಹಾಪುರದ ಬಳಿ ಸಮೃದ್ಧಿ ಹೆದ್ದಾರಿ ಸೇತುವೆಗೆ ಗರ್ಡರ್ ಕೂರಿಸುವ ಭಾರಿ ಯಂತ್ರ ಕುಸಿದು 20 ಮಂದಿ ಸತ್ತರು. ಅಂಥ ಕಡೆ ತನಿಖೆಯಾದರೂ ನಡೆಯುತ್ತದೆ, ಸುದ್ದಿಯಾದರೂ ಆಗುತ್ತದೆ.

ಕಾನೂನು ಬಾರದ ಬಾವಿ

ನಮ್ಮ ಬಾವಿ ಕ್ರೇನಿನ ಕತೆ ಬೇರೆ. ತೋಟ ಕಾರ್ಖಾನೆಯಲ್ಲ, ಹಾಗಾಗಿ ಕಾರ್ಖಾನೆ ಕಾಯ್ದೆ ಇಲ್ಲಿಗೆ ಬರಲಿಲ್ಲ. ಕಟ್ಟಡ ಕಾರ್ಮಿಕರ ಕಾಯ್ದೆ ಇದ್ದದ್ದು 10 ಅಥವಾ ಹೆಚ್ಚು ಕಾರ್ಮಿಕರು ಇರುವ ಕಡೆಗೆ. ಬಾವಿ ತೋಡುವ ಗುಂಪಿನಲ್ಲಿ ಐದೋ ಆರೋ ಜನ. ಹೀಗೆ ಗಣಿ, ಬಂದರು, ಕಾರ್ಖಾನೆ, ಕಟ್ಟಡ ಎಂದು ಒಂದೊಂದೇ ಮೆಟ್ಟಿಲು ಇಳಿದು ಬಂದ ಕಾನೂನು ಬಾವಿಯ ದಂಡೆಗೆ ಬಂದು ನಿಂತುಬಿಟ್ಟಿದೆ.

ಕಾನೂನು ಇಳಿಯದಿದ್ದರೂ ಅದರೊಳಗಿನ ಬುದ್ಧಿಯನ್ನು ನಾವು ಇಳಿಸಿಕೊಳ್ಳಬಹುದು. 1998ರ ನಿಯಮದಲ್ಲಿ ಹಗ್ಗದ ಬಗ್ಗೆ ಒಂದು ಲೆಕ್ಕ ಇದೆ. ಹಗ್ಗದ ದಪ್ಪದ ಎಂಟು ಪಟ್ಟು ಉದ್ದದಲ್ಲಿ, ಒಟ್ಟು ತಂತಿಗಳ ನೂರಕ್ಕೆ 10ಕ್ಕಿಂತ ಹೆಚ್ಚು ಹರಿದಿದ್ದರೆ ಆ ಹಗ್ಗ ಬಳಸಬಾರದು.

ಇದನ್ನು ಹೊಲದ ಲೆಕ್ಕದಲ್ಲಿ ಹೇಳುತ್ತೇವೆ. ಹಗ್ಗದ ದಪ್ಪ 16 ಮಿಲಿಮೀಟರ್ ಇದ್ದರೆ ಅದರ ಎಂಟು ಪಟ್ಟು 128 ಮಿಲಿಮೀಟರ್, ಅಂದರೆ ಅರ್ಧ ಗೇಣಿಗಿಂತ ತುಸು ಹೆಚ್ಚು. ಆರು ಎಳೆ, ಎಳೆಗೆ 19 ತಂತಿ ಇರುವ ಹಗ್ಗದಲ್ಲಿ ಒಟ್ಟು 114 ತಂತಿ. ಆ ಅರ್ಧ ಗೇಣಿನಲ್ಲಿ 12 ತಂತಿ ಹರಿದಿದ್ದರೆ ಹಗ್ಗದ ಆಯುಷ್ಯ ಮುಗಿಯಿತು. ಅಷ್ಟು ಹರಿಯದಿದ್ದರೂ ತುಕ್ಕು ತಿಂದಿದ್ದರೆ, ಸವೆದು ಚಪ್ಪಟೆಯಾಗಿದ್ದರೆ ಅದೂ ಬೇಡ.

ನೋಡುವ ಬಗೆಯೂ ಸುಲಭ. ಎಂಜಿನ್ ಬಂದ್ ಮಾಡಿ, ಹಗ್ಗದ ಮೇಲೆ ಹಳೆಯ ಅರಿವೆ ಹಿಡಿದು ಮೆಲ್ಲಗೆ ಎಳೆಯಿರಿ. ಅರಿವೆ ಸಿಕ್ಕಿಕೊಂಡ ಕಡೆ ತಂತಿ ಹರಿದಿದೆ. ಬರಿಗೈ ಹಚ್ಚಬೇಡಿ. ಆಮೇಲೆ ಕೊಕ್ಕೆಯ ಬಾಯಿ ಅಗಲವಾಗಿದೆಯೇ, ಅದರ ಚಿಲಕ ಇದೆಯೇ ನೋಡಿ. ಹಗ್ಗದ ತುದಿಗೆ ಹಾಕಿದ ಕ್ಲಿಪ್ಪುಗಳ ಯು ಬೋಲ್ಟು ತುಂಡು ತುದಿಯ ಕಡೆ ಇರಬೇಕು, ಭಾರ ಹೊರುವ ಹಗ್ಗದ ಕಡೆ ಅಲ್ಲ. ಬಕೆಟ್ ಅರ್ಧಕ್ಕೆ ಎತ್ತಿ ನಿಲ್ಲಿಸಿದಾಗ ಬ್ರೇಕು ಜಾರುತ್ತಿದೆಯೇ ಎಂದು, ಕೆಳಗೆ ಯಾರೂ ಇಲ್ಲದಾಗ, ಬೆಳಗ್ಗೆ ಒಮ್ಮೆ ನೋಡಿ. ಇಷ್ಟಕ್ಕೆ ಕಾಲು ತಾಸು ಸಾಕು.

ನಮ್ಮ ಕಡೆ ಖಂಡೆ ಪೂಜೆ ದಿನ ಟ್ರ್ಯಾಕ್ಟರು, ಪಂಪು, ಕ್ರೇನು ಎಲ್ಲ ತೊಳೆದು, ಕುಂಕುಮ ಹಚ್ಚಿ, ಹಾರ ಹಾಕುತ್ತೇವೆ. ಆ ದಿನ ಹಾರ ಹಾಕುವ ಮುಂಚೆ ಹಗ್ಗವನ್ನು ತುದಿಯಿಂದ ತುದಿಗೆ ಬಿಚ್ಚಿ ಎಣಿಸಿದರೆ ವರ್ಷದ ತಪಾಸಣೆಗೆ ಒಂದು ಮುಹೂರ್ತ ಸಿಕ್ಕಂತೆ. ಹಗ್ಗ ಹೊಸೆದವರನ್ನು ಶರಣರೆಂದು ನೆನೆಯುವ ನಾಡು ಇದು. ಬಾವಿಗೆ ಇಳಿಯುವವರ ಸಲುವಾಗಿ ಹಗ್ಗ ನೋಡುವುದೂ ಕಾಯಕವೇ.

ಆ ಅಣ್ಣನಿಗೆ ನಾವು ಈ 12 ತಂತಿಯ ಲೆಕ್ಕ ಹೇಳಿದೆವು. ಆತ ಎಂಜಿನ್ ನಿಲ್ಲಿಸಿ, ಹೆಗಲ ಮೇಲಿನ ಟವೆಲ್ಲು ತೆಗೆದು ಹಗ್ಗಕ್ಕೆ ಸುತ್ತಿ ಎಳೆದ. ಎರಡು ಕಡೆ ಸಿಕ್ಕಿತು. ಬಗ್ಗಿ ಎಣಿಸಿದ. ಒಂದು ಕಡೆ ನಾಲ್ಕು, ಇನ್ನೊಂದು ಕಡೆ ಒಂಬತ್ತು.

"ಇನ್ನೂ ಮೂರು ಅದಾವ್ರಿ" ಅಂದ. ಸ್ವಲ್ಪ ಹೊತ್ತು ಸುಮ್ಮನೆ ನಿಂತು ಬಾವಿಯೊಳಗೆ ನೋಡಿದ. ಆಮೇಲೆ ಕೆಳಗಿನವರಿಗೆ ಕೂಗಿ ಹೇಳಿದ: "ಮ್ಯಾಲ ಬರ್ರೋ, ಇವತ್ತ ಸಾಕು. ಹಗ್ಗ ತರಾಕ ಹೊಂಟೀನಿ."