ಸವಳು ನೆಲದಲ್ಲೂ ಬಾಳುವ ಜೀವಿಗಳು

ಸಿರುಗುಪ್ಪ ತಾಲ್ಲೂಕಿನ ದೇಶನೂರಿಗೆ ನೀರಾವರಿ ಹೊಸದಲ್ಲ. ವಿಜಯನಗರದ ಅರಸರ ಕಾಲದಲ್ಲಿ ತುಂಗಭದ್ರಾ ನದಿಯಿಂದ ತೆಗೆದ ಕಾಲುವೆಗಳಲ್ಲಿ ಒಂದಕ್ಕೆ ಈ ಊರಿನದೇ ಹೆಸರು. ಆದರೆ ಆ ಕಾಲುವೆಗಳ ನೀರು ನದಿಯಂಚಿನ ಗದ್ದೆಗಳಿಗೆ ಸೀಮಿತವಾಗಿತ್ತು. ದೂರದ ಎರೆ ಹೊಲಗಳ ಜೋಳ, ಹತ್ತಿ ಮಳೆಯನ್ನೇ ನಂಬಿದ್ದವು. 1953ರಲ್ಲಿ ತುಂಗಭದ್ರಾ ಜಲಾಶಯ ಸಿದ್ಧವಾದ ನಂತರ ಎರೆ ಭೂಮಿಗೂ ಭತ್ತ ಬಂತು.

ಅದರ ಬೆನ್ನಿಗೇ ಸಮಸ್ಯೆಯೂ ಬಂತು. ಎರೆಮಣ್ಣು ನೀರನ್ನು ಸುಲಭವಾಗಿ ಬಸಿಯಗೊಡುವುದಿಲ್ಲ. ಬಸಿಗಾಲುವೆ ಇಲ್ಲದ ಕಡೆ ಅಂತರ್ಜಲ ಮೇಲೇರುತ್ತದೆ. ಬಳ್ಳಾರಿ ಸೀಮೆಯ ಬಿಸಿಲಿಗೆ ನೀರು ಆವಿಯಾಗಿ, ಉಪ್ಪು ನೆಲದಲ್ಲೇ ಉಳಿಯುತ್ತದೆ. ತುಂಗಭದ್ರಾ ಅಚ್ಚುಕಟ್ಟಿನ ಸಾವಿರಾರು ಎಕರೆ ಹೀಗೆ ಸವಳು-ಜವಳಿಗೆ ತುತ್ತಾಗಿದೆ. ಬಿಳಿ ಪದರು ಕಟ್ಟಿದ ಇಂಥ ನೆಲದಲ್ಲಿ ಭತ್ತದ ಸಸಿ ಸೊರಗುತ್ತದೆ. ಆದರೆ ಕೆಲವು ಸೂಕ್ಷ್ಮಜೀವಿಗಳು ಅಲ್ಲೂ ಬದುಕುತ್ತವೆ.

ಇದು ಹೇಗೆ ಸಾಧ್ಯ? ಮಾವಿನ ಹೋಳಿಗೆ ಉಪ್ಪು ಬೆರೆಸಿದರೆ ನೀರು ಬಿಡುವುದು ಎಲ್ಲ ಮನೆಗಳಲ್ಲೂ ಕಂಡದ್ದೇ. ಸವಳು ನೆಲದಲ್ಲಿ ಜೀವಕೋಶದ ಪಾಡೂ ಅದೇ. ಇದನ್ನು ತಡೆಯಲು ಕೆಲವು ಸೂಕ್ಷ್ಮಜೀವಿಗಳು ಸಕ್ಕರೆ ಅಥವಾ ಅಮೈನೊ ಆಮ್ಲದಂಥ ವಸ್ತುಗಳನ್ನು ಒಳಗೆ ಕೂಡಿಸಿಕೊಂಡು ನೀರನ್ನು ಹಿಡಿದಿಡುತ್ತವೆ. ತೀರ ಉಪ್ಪಿನಲ್ಲಿ ಬಾಳುವ ಇನ್ನು ಕೆಲವು ಪೊಟ್ಯಾಸಿಯಂ ತುಂಬಿಕೊಳ್ಳುತ್ತವೆ. ಅವುಗಳ ಪ್ರೋಟೀನುಗಳೇ ಉಪ್ಪಿಗೆ ಎಷ್ಟು ಒಗ್ಗಿವೆಯೆಂದರೆ, ಸಿಹಿನೀರಿಗೆ ಹಾಕಿದರೆ ಆ ಜೀವಿಗಳು ಒಡೆದು ಸಾಯುತ್ತವೆ.

ಜೀವವೇ ಇಲ್ಲವೆಂದು ಜನ ನಂಬಿದ್ದ ಮೃತ ಸಮುದ್ರದಲ್ಲಿ ಸೂಕ್ಷ್ಮಜೀವಿಗಳಿರುವುದನ್ನು ಬೆಂಜಮಿನ್ ವೋಲ್ಕಾನಿ 1936ರಲ್ಲಿ ತೋರಿಸಿದರು. ಭಾರತದಲ್ಲಿ ಈ ಶೋಧ ರೈತನ ಹೊಲದತ್ತ ಹೊರಳಿತು. ಭತ್ತದ ಗದ್ದೆಯ ನೀಲಿ-ಹಸಿರು ಪಾಚಿ ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸುತ್ತದೆಂದು ಪಿ.ಕೆ. ಡೇ 1939ರಲ್ಲಿ ತೋರಿಸಿಕೊಟ್ಟರು. ಉತ್ತರ ಭಾರತದ ಕ್ಷಾರ ಭೂಮಿಯ ಸುಧಾರಣೆಗೂ ಈ ಪಾಚಿ ನೆರವಾದೀತೆಂದು ಬನಾರಸಿನ ಆರ್.ಎನ್. ಸಿಂಗ್ 1950ರಲ್ಲಿ ವರದಿ ಮಾಡಿದರು.

ಆದರೂ ಪಾಚಿಯೊಂದೇ ಮದ್ದಲ್ಲ. ಅದರ ಪ್ರಭಾವ ಹೆಚ್ಚಾಗಿ ಮೇಲ್ಪದರಿಗೆ ಸೀಮಿತ. ಕ್ಷಾರ ಮಣ್ಣಿಗೆ ಜಿಪ್ಸಂ ಬೇಕು, ಸವಳಿಗೆ ನೀರು ಬಸಿಯುವ ದಾರಿ ಬೇಕು. ನದಿಯಾಚೆಯ ಗಂಗಾವತಿ ಸಂಶೋಧನಾ ಕೇಂದ್ರದಲ್ಲಿ ನೆಲದಡಿಯ ಬಸಿಗೊಳವೆಗಳ ಬಗೆಗೂ ಅಧ್ಯಯನಗಳು ನಡೆದಿವೆ. ಸೂಕ್ಷ್ಮಜೀವಿ ಉಪ್ಪಿಗೆ ಒಗ್ಗಿಕೊಳ್ಳಬಲ್ಲದು. ರೈತನ ಭತ್ತಕ್ಕೆ ಆ ಶಕ್ತಿ ಅಷ್ಟಿಲ್ಲ. ಕಾಲುವೆಯಲ್ಲಿ ನೀರು ತರುವಷ್ಟೇ ಮುಖ್ಯ, ಹೆಚ್ಚಾದ ನೀರನ್ನು ಹೊಲದಿಂದ ಹೊರಹಾಕುವುದು.